ಕೆಂಪು ಧೂಳಿನ ಊರಿನಲ್ಲಿ ಟೈರಿಗೆ ಯಾವ ಪಾಲಿಶ್?

ಬಳ್ಳಾರಿಯಲ್ಲಿ ಕಾರು ತೊಳೆಸಿ, ಟೈರಿಗೆ ಪಾಲಿಶ್ ಹಾಕಿಸಿಕೊಂಡು ಹೊಸಪೇಟೆ ರಸ್ತೆ ಹಿಡಿದರೆ ಕುಡಿತಿನಿ ದಾಟುವಷ್ಟರಲ್ಲಿ ಆ ಪಾಲಿಶ್ ಎಂಥದ್ದು ಎಂಬುದು ಗೊತ್ತಾಗಿಬಿಡುತ್ತದೆ. ಹೊರಡುವಾಗ ಫಳಫಳ ಹೊಳೆಯುತ್ತಿದ್ದ ಟೈರು ತೋರಣಗಲ್ಲು ಮುಟ್ಟುವ ಹೊತ್ತಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಅದಿರಿನ ಧೂಳು ಹಿಟ್ಟಿನಷ್ಟು ನುಣುಪು. ಜಿಡ್ಡು ಕಂಡಲ್ಲಿ ಕೂರುತ್ತದೆ, ಕೂತರೆ ಏಳುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕುವ ಮುಂಚಿನ ದಿನಗಳ ಧೂಳು ಈಗ ಇಲ್ಲವೆನ್ನಿ. ಆದರೂ ಸಂಡೂರಿನ ಕಡೆಗೆ ಒಮ್ಮೆ ಹೋಗಿ ಬಂದ ಬಿಳಿ ಕಾರನ್ನು ನೋಡಿದರೆ ಅದು ಯಾವ ದಾರಿಯಲ್ಲಿ ಬಂದಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಟೈರ್ ಪಾಲಿಶ್ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಎರಡು ಪ್ರಶ್ನೆಗಳ ಸುತ್ತ ತಿರುಗುತ್ತವೆ: ಎಷ್ಟು ಹೊಳೆಯುತ್ತದೆ, ಎಷ್ಟು ದಿನ ಇರುತ್ತದೆ. ಮಳೆ ಬೀಳುವ, ಹುಲ್ಲು ಬೆಳೆದ ಊರುಗಳಿಗೆ ಅಷ್ಟು ಸಾಕು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಹಚ್ಚಿ ಒಂದು ಗಂಟೆಯ ನಂತರ ಬೆರಳಿಟ್ಟರೆ ಒಣಗಿರುತ್ತದೆಯೇ, ಅಂಟುತ್ತದೆಯೇ? ಅಂಟಿದರೆ ಅದು ಎಷ್ಟೇ ದುಬಾರಿ ಮಾಲಾಗಿರಲಿ, ಇಲ್ಲಿಗೆ ಹೇಳಿ ಮಾಡಿಸಿದ್ದಲ್ಲ.

ಸಹಜವಾದ ನೋಟ ಎಂದರೆ ಟೈರ್ ಅಂಗಡಿಯಲ್ಲಿ ಜೋಡಿಸಿಟ್ಟ ಹೊಸ ಟೈರಿನ ಕಪ್ಪು. ಅದರಲ್ಲಿ ಹೊಳಪಿರುವುದಿಲ್ಲ, ಬಿಳಿಚಿರುವುದಿಲ್ಲ, ಪಕ್ಕೆಯ ಮೇಲಿನ ಅಕ್ಷರಗಳು ಒಂದೊಂದೂ ಓದಲು ಬರುತ್ತವೆ. ಮದುಮಗನ ಕಾರಿಗೆ ಬೇಕಾಗುವ ಥಳಥಳ ಬೇರೆಯ ಲೆಕ್ಕ. ಅದು ಒಂದು ದಿನದ ಮಾತು, ಅದಕ್ಕೆ ನನ್ನ ತಕರಾರಿಲ್ಲ.

ಕಂದು ಬಣ್ಣವೆಲ್ಲ ಧೂಳಲ್ಲ

ಆಯ್ಕೆಗೆ ಹೋಗುವ ಮುನ್ನ ಟೈರು ಕಂದಾಗುವುದೇಕೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಪಾಲಿಶ್ ಮಾರುವವರು ಇದನ್ನು ಹೇಳುವುದಿಲ್ಲ. ಟೈರಿಗೆ ಕಪ್ಪು ಬರುವುದು ರಬ್ಬರಿಗೆ ಬೆರೆಸುವ ಕಾರ್ಬನ್ ಬ್ಲ್ಯಾಕ್ ಎಂಬ ನುಣ್ಣನೆಯ ಮಸಿಯಿಂದ. ಮೋಟಾರು ವಾಹನಗಳ ಮೊದಲ ದಿನಗಳ ಟೈರುಗಳು ಬಿಳಿಚಾಗಿಯೇ ಇದ್ದವು. ಮಸಿ ಬೆರೆತ ಮೇಲೆ ರಬ್ಬರಿನ ಬಾಳಿಕೆ ಹೆಚ್ಚಿತು, ಬಿಸಿಲಿನ ಅತಿನೇರಳೆ ಕಿರಣವನ್ನು ತಾಳುವ ಶಕ್ತಿಯೂ ಬಂತು. ಆದರೆ ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ. ಅದನ್ನು ತಡೆಯಲು ಟೈರು ತಯಾರಿಸುವವರು 6ಪಿಪಿಡಿ ಎಂಬ ರಾಸಾಯನಿಕವನ್ನೂ ಒಂದಿಷ್ಟು ಮೇಣವನ್ನೂ ಸೇರಿಸಿರುತ್ತಾರೆ. ಟೈರು ಉರುಳುತ್ತ, ಬಾಗುತ್ತ, ಬಿಸಿಯಾಗುತ್ತ ಇದ್ದಂತೆ ಇವು ಒಳಗಿನಿಂದ ಮೆಲ್ಲಗೆ ಮೇಲ್ಮೈಗೆ ಬರುತ್ತವೆ, ಓಝೋನಿನ ಹೊಡೆತವನ್ನು ತಾವು ತಿಂದು ಕಂದು ಪೊರೆಯಾಗಿ ಉಳಿಯುತ್ತವೆ.

ಹಾಗಾಗಿ ಟೈರಿನ ಕಂದು ಬಣ್ಣ ರೋಗವಲ್ಲ, ರಬ್ಬರು ತನ್ನನ್ನು ಕಾಪಾಡಿಕೊಳ್ಳುತ್ತಿರುವ ಗುರುತು. ತೊಳೆದರೆ ಹೋಗುತ್ತದೆ, ಕೆಲವು ವಾರಗಳಲ್ಲಿ ಮರಳಿ ಬರುತ್ತದೆ. ಈ ಪೊರೆ ಮತ್ತು ಅದರ ಮೇಲೆ ಕೂತ ಕೆಂಪು ಧೂಳು ಎರಡೂ ಇರುವಾಗಲೇ ಪಾಲಿಶ್ ಹಚ್ಚಿದರೆ ಟೈರು ಕಪ್ಪಾಗುವುದಿಲ್ಲ, ಚಾಕೊಲೇಟ್ ಬಣ್ಣದಲ್ಲಿ ಹೊಳೆಯುತ್ತದೆ. “ಪಾಲಿಶ್ ಸರಿಯಿಲ್ಲ, ಎರಡೇ ದಿನಕ್ಕೆ ಹೋಯಿತು” ಎಂದು ದೂರುವವರ ಟೈರನ್ನು ನೋಡಿ. ಹತ್ತರಲ್ಲಿ ಎಂಟು ಸಲ ತಪ್ಪು ಬಾಟಲಿಯದಲ್ಲ, ತೊಳೆದದ್ದು ಸಾಲದು.

ಮನೆಯ ಎಣ್ಣೆಗಳು

ಆಯುಧ ಪೂಜೆಯ ಹಿಂದಿನ ಸಂಜೆ ಯಾವ ಲಾರಿ ನಿಲ್ದಾಣಕ್ಕೆ ಹೋದರೂ ಕಾಣುವ ನೋಟ: ಒಂದು ಡಬ್ಬಿಯಲ್ಲಿ ಡೀಸೆಲ್, ಅದರಲ್ಲಿ ಒಂದಿಷ್ಟು ಹಳೆಯ ಎಂಜಿನ್ ಆಯಿಲ್, ಅದ್ದಿ ಒರೆಸಲು ಬನಿಯನ್ ವೇಸ್ಟ್. ಖರ್ಚಿಲ್ಲ, ಕಪ್ಪು ಕೂಡಲೇ ಬರುತ್ತದೆ. ಆದರೆ ಪೆಟ್ರೋಲಿಯಂ ಎಣ್ಣೆ ರಬ್ಬರಿನೊಳಗೆ ಇಳಿಯುತ್ತದೆ, ಅದನ್ನು ಉಬ್ಬಿಸಿ ಮೆದುವಾಗಿಸುತ್ತದೆ, ತಯಾರಕರು ಬೆರೆಸಿದ್ದ ಮೇಣವನ್ನೂ ರಕ್ಷಕ ರಾಸಾಯನಿಕವನ್ನೂ ಕರಗಿಸಿ ಹೊರತೆಗೆಯುತ್ತದೆ. ವರ್ಷಕ್ಕೊಮ್ಮೆ ಹಚ್ಚಿದರೆ ಟೈರು ಸಿಡಿಯುತ್ತದೆ ಎಂದು ಹೆದರಿಸುವುದಿಲ್ಲ. ಆದರೆ ವಾರಕ್ಕೊಮ್ಮೆ ಹಚ್ಚುವ ಚಟ ಬೆಳೆಸಿಕೊಂಡರೆ ಪಕ್ಕೆಯ ಬಿರುಕಿಗೆ ಕಾರಣ ಹುಡುಕಿಕೊಂಡು ಬೇರೆ ಕಡೆ ಹೋಗಬೇಕಾಗಿಲ್ಲ.

ಕೊಬ್ಬರಿ ಎಣ್ಣೆ ಅಷ್ಟು ಕೆಡುಕು ಮಾಡದು, ಆದರೆ ಒಣಗುವುದೂ ಇಲ್ಲ. ಧೂಳು ಅದರೊಡನೆ ಬೆರೆತು ಕೆಸರಾಗಿ ಅಕ್ಷರಗಳ ಸಂದಿಯಲ್ಲಿ ಕೂರುತ್ತದೆ, ದಿನ ಕಳೆದಂತೆ ಕಮಟು ವಾಸನೆಯೂ ಶುರುವಾಗುತ್ತದೆ. ಬೂಟ್ ಪಾಲಿಶ್ ಬಗ್ಗೆ ಹೇಳುವುದು ಹೆಚ್ಚಿಲ್ಲ: ನಾಲ್ಕು ಟೈರಿಗೆ ಹಚ್ಚಿ ಮುಗಿಸುವಷ್ಟರಲ್ಲಿ ಡಬ್ಬಿಯೂ ಖಾಲಿ, ತಾಳ್ಮೆಯೂ ಖಾಲಿ.

ಔಷಧದ ಅಂಗಡಿಯಲ್ಲಿ ಸಿಗುವ ಗ್ಲಿಸರಿನ್ ಮಾತ್ರ ಈ ಗುಂಪಿನಲ್ಲಿ ನಿರಪಾಯಕಾರಿ. ರಬ್ಬರಿಗೆ ತೊಂದರೆ ಕೊಡುವುದಿಲ್ಲ, ನೀರಿನಲ್ಲಿ ಬೆರೆಸಿ ಹಚ್ಚಿದರೆ ಹದವಾದ ಕಪ್ಪೂ ಬರುತ್ತದೆ. ಆದರೆ ಗಾಳಿಯ ತೇವವನ್ನು ಹೀರಿಕೊಳ್ಳುವುದು ಅದರ ಗುಣ. ಹಾಗಾಗಿ ಅದು ಎಂದಿಗೂ ಪೂರ್ತಿ ಒಣಗುವುದಿಲ್ಲ, ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ, ಮೊದಲ ಮಳೆಗೇ ತೊಳೆದು ಹೋಗುತ್ತದೆ. ಕಾರು ಮಾರುವ ದಿನ ಫೋಟೋ ತೆಗೆಯಲು ಸಾಕು.

ಅಂಗಡಿಯ ಹೊಳಪು: ಸಾಲ್ವೆಂಟ್ ಪಾಲಿಶ್ ಮತ್ತು ಜೆಲ್

“ಪಾಲಿಶ್ ಹಾಕಲೇನಣ್ಣ?” ಎಂದು ವಾಟರ್ ಸರ್ವಿಸ್ ಹುಡುಗ ಕೇಳುವಾಗ ಅವನ ಕೈಯಲ್ಲಿರುವ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು ಇದು: ಪೆಟ್ರೋಲಿಯಂ ಸಾಲ್ವೆಂಟಿನಲ್ಲಿ, ಅಂದರೆ ಹಚ್ಚಿದ ಮೇಲೆ ಆರಿಹೋಗುವ ದ್ರಾವಕದಲ್ಲಿ, ಕರಗಿಸಿದ ಸಿಲಿಕೋನ್ ಎಣ್ಣೆ. ಗುರುತು ಹಿಡಿಯುವುದು ಸುಲಭ. ದ್ರವ ಪಾರದರ್ಶಕವಾಗಿರುತ್ತದೆ, ಮೂಗಿಗೆ ಸೀಮೆಎಣ್ಣೆಯ ವಾಸನೆ ಬಡಿಯುತ್ತದೆ, ಚೀಟಿಯ ಮೇಲೆ ಬೆಂಕಿಯ ಚಿಹ್ನೆ ಇರುತ್ತದೆ, ಕೈಗೆ ಹತ್ತಿದರೆ ಬರೀ ನೀರಿಗೆ ಹೋಗುವುದಿಲ್ಲ. ಗಟ್ಟಿ ಜೆಲ್‌ಗಳಲ್ಲಿಯೂ ಬಹಳಷ್ಟು ಇದೇ ಜಾತಿಯವು.

ಇದರ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಎಲ್ಲಕ್ಕಿಂತ ಹೆಚ್ಚು ಹೊಳಪು ಇದರದ್ದೇ. ಮಳೆಗೆ ಬೇಗ ಜಗ್ಗುವುದಿಲ್ಲ, ಒಳ್ಳೆಯ ಜೆಲ್ ಆದರೆ ಮೂರ್ನಾಲ್ಕು ವಾರವೂ ನಿಂತೀತು. ಸಿಲಿಕೋನ್ ಟೈರನ್ನು ತಿಂದುಹಾಕುತ್ತದೆ ಎಂಬ ಮಾತನ್ನು ನಂಬಬೇಡಿ. ಸಿಲಿಕೋನ್ ಬಹುಮಟ್ಟಿಗೆ ಸಾಧು ಪದಾರ್ಥ. ತಕರಾರಿರುವುದು ಅದನ್ನು ಹೊತ್ತು ತರುವ ಸಾಲ್ವೆಂಟಿನ ಬಗ್ಗೆ.

ಆದರೆ ನಮ್ಮ ಕಡೆ ಇದರ ಮೂರು ಅವಗುಣಗಳು ಎದ್ದು ಕಾಣುತ್ತವೆ. ಒಂದು, ಅಂಟು. ಸಾಲ್ವೆಂಟ್ ಆರಿಹೋದರೂ ಸಿಲಿಕೋನಿನ ಜಿಡ್ಡು ಹಸಿಯಾಗಿಯೇ ಇರುತ್ತದೆ, ಅದರ ಮೇಲೆ ಅದಿರಿನ ಧೂಳು ಬಿದ್ದರೆ ಕೆಂಪು ಲೇಪನವೇ ತಯಾರು. ಎರಡು, ಸಿಡಿಯುವುದು. ಚಕ್ರ ವೇಗ ಹಿಡಿದಾಗ ಹೆಚ್ಚುವರಿ ಪಾಲಿಶ್ ಹನಿಹನಿಯಾಗಿ ಹಾರಿ ಮಡ್‌ಗಾರ್ಡ್‌ನ ಅಂಚಿಗೂ ಬಾಗಿಲಿನ ಕೆಳಭಾಗಕ್ಕೂ ಚುಕ್ಕಿ ಇಡುತ್ತದೆ. ಬಿಳಿ ಕಾರಿನವರು ಇದನ್ನು ಡಾಂಬರು ಎಂದುಕೊಂಡು ಉಜ್ಜುತ್ತ ಕೂರುತ್ತಾರೆ. ಮೂರನೆಯದು ಪೇಂಟಿಂಗ್ ಮೇಸ್ತ್ರಿಗಳಿಗೆ ಗೊತ್ತಿರುವ ಕಷ್ಟ: ಬಾಡಿಯ ಮೇಲೆ ಸಿಲಿಕೋನ್ ಹಾರಿದ ಜಾಗವನ್ನು ಸರಿಯಾಗಿ ಸ್ವಚ್ಛ ಮಾಡದೆ ಹೊಸ ಬಣ್ಣ ಹೊಡೆದರೆ ಬಣ್ಣ ಅಲ್ಲಿ ನಿಲ್ಲದೆ ಸಣ್ಣ ಸಣ್ಣ ಗುಂಡುಕುಳಿಗಳಾಗಿ ಸರಿದುಕೊಳ್ಳುತ್ತದೆ. ಆಮೇಲೆ ಉಜ್ಜಿ ಮತ್ತೆ ಮೊದಲಿನಿಂದ.

ವಾಟರ್ ಸರ್ವಿಸ್‌ನಲ್ಲಿ ಟೈರು ತೊಳೆಸಿ, ಪಾಲಿಶ್ ಬೇಡವೆಂದು ಹೇಳಿ ಬರುವುದರಲ್ಲಿ ನಾಚಿಕೆಯೇನಿಲ್ಲ. ಅವರ ಮೇಲೆ ತಪ್ಪು ಹೊರಿಸುವುದೂ ಬೇಡ. ಹೊಳೆಯದಿದ್ದರೆ ದುಡ್ಡು ಕೊಡುವುದಿಲ್ಲ ಎನ್ನುವ ಗಿರಾಕಿಗಳೇ ಹೆಚ್ಚು.

ಹಾಲಿನಂತಹ ಬಾಟಲಿ

ನನ್ನ ಮತ ಇದಕ್ಕೆ. ನೀರಿನ ಆಧಾರದ ಡ್ರೆಸ್ಸಿಂಗ್ ಎಂದರೆ ಸಿಲಿಕೋನನ್ನು ಸಾಲ್ವೆಂಟಿನಲ್ಲಿ ಕರಗಿಸದೆ, ಅತಿಸಣ್ಣ ಹನಿಗಳಾಗಿ ನೀರಿನಲ್ಲಿ ತೇಲಿಬಿಟ್ಟಿರುವ ದ್ರವ. ನೋಡಲು ಬಿಳಿ, ವಾಸನೆ ಹೆಚ್ಚಿಲ್ಲ, ಕೈಗೆ ಹತ್ತಿದರೆ ಸಾಬೂನು ನೀರಿಗೆ ಹೋಗುತ್ತದೆ. ಹಚ್ಚಿದಾಗ ನೀರು ಆರಿ ಹೋಗುತ್ತದೆ, ಉಳಿಯುವುದು ತೆಳುವಾದ ಪದರ. ಹೆಚ್ಚಾದದ್ದನ್ನು ಒರೆಸಿಬಿಟ್ಟರೆ ಅರ್ಧ ಗಂಟೆಯಲ್ಲಿ ಮುಟ್ಟಿದರೂ ಅಂಟದಷ್ಟು ಒಣಗುತ್ತದೆ. ಧೂಳು ಕೂರುವುದೇ ಇಲ್ಲ ಎನ್ನಲಾರೆ, ಬಳ್ಳಾರಿಯಲ್ಲಿ ಧೂಳು ಕೂರದ ವಸ್ತು ಯಾವುದೂ ಇಲ್ಲ. ಆದರೆ ಕೂತ ಧೂಳು ಒಣಗಿಯೇ ಇರುತ್ತದೆ, ಒಂದು ಬಕೆಟ್ ನೀರು ಎರಚಿದರೆ ಇಳಿದುಹೋಗುತ್ತದೆ. ಜಿಡ್ಡಿನ ಪಾಲಿಶ್‌ಗೂ ಇದಕ್ಕೂ ಇರುವ ನಿಜವಾದ ಅಂತರ ಈ ಒಂದು ಬಕೆಟ್ ನೀರಿನಲ್ಲಿದೆ.

ಇನ್ನೊಂದು ಅನುಕೂಲ, ಹೊಳಪನ್ನು ನಾವೇ ಹದ ಮಾಡಿಕೊಳ್ಳಬಹುದು. ಮೆಗ್ವಾಯರ್ಸ್‌ನ ಹೈಪರ್ ಡ್ರೆಸ್ಸಿಂಗ್, ಕಾರ್‌ಪ್ರೋದ ಪರ್ಲ್ ಇಂಥವು ಗಟ್ಟಿ ದ್ರವವಾಗಿ ಬರುತ್ತವೆ. ಒಂದು ಪಾಲು ದ್ರವಕ್ಕೆ ಒಂದೇ ಪಾಲು ನೀರು ಬೆರೆಸಿದರೆ ಹೊಳಪು ಹೆಚ್ಚು. ಮೂರು ಅಥವಾ ನಾಲ್ಕು ಪಾಲು ಬೆರೆಸಿದರೆ ಹೊಸ ಟೈರಿನ ಮಂದ ಕಪ್ಪು. ಮೊದಲು ಮೂರು ಪಾಲಿನಿಂದ ಶುರು ಮಾಡಿ, ಕಡಿಮೆಯೆನಿಸಿದರೆ ಮುಂದಿನ ಸಲ ನೀರು ಇಳಿಸಿ. ಹೀಗೆ ಬೆರೆಸಿ ಬಳಸುವ ಬಾಟಲಿಯ ಬೆಲೆ ಕೊಳ್ಳುವಾಗ ಹೆಚ್ಚೆನಿಸಿದರೂ ತಿಂಗಳುಗಟ್ಟಲೆ ಬರುತ್ತದೆ. ಬೆರೆಸಲು ಬೋರ್‌ವೆಲ್ ನೀರು ಬೇಡ. ನಮ್ಮ ಕಡೆಯ ಬೋರ್ ನೀರು ಗಡಸು, ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ. ಕುಡಿಯುವ ನೀರಿನ ಕ್ಯಾನಿನಿಂದ ಒಂದು ಲೋಟ ಎರವಲು ಪಡೆದರೆ ಕೆಲಸವಾಯಿತು. 303 ಎಂಬ ಹೆಸರಿನ ಪ್ರೊಟೆಕ್ಟೆಂಟ್ ಕೂಡ ನೀರಿನ ಆಧಾರದ್ದೇ. ಅದಕ್ಕೆ ನೀರು ಬೆರೆಸಬೇಕಾಗಿಲ್ಲ, ಅದರ ನೋಟವೂ ಮಂದ. ಇವು ಬಳ್ಳಾರಿಯ ಎಲ್ಲ ಅಂಗಡಿಗಳಲ್ಲಿ ಸಿಗಬೇಕೆಂದಿಲ್ಲ, ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು. ಬ್ರ್ಯಾಂಡ್ ಇದೇ ಆಗಬೇಕೆಂಬ ಹಟವೂ ಬೇಡ. ದ್ರವ ಬೆಳ್ಳಗಿದ್ದು, ಚೀಟಿಯ ಮೇಲೆ ನೀರಿನ ಆಧಾರದ್ದು ಎಂದು ಬರೆದಿದ್ದು, ಬೆಂಕಿಯ ಚಿಹ್ನೆ ಇಲ್ಲದಿದ್ದರೆ ಭಾರತದಲ್ಲೇ ತಯಾರಾದ ಅಗ್ಗದ ಬಾಟಲಿಯೂ ಆದೀತು.

ದೋಷವಿಲ್ಲದ ಮಾಲು ಯಾವುದಿದೆ? ಇದು ಬೇಗ ಹೋಗುತ್ತದೆ. ಬೇಸಿಗೆಯಲ್ಲಿ ಎರಡು ವಾರ ನಿಂತರೆ ಹೆಚ್ಚು, ಮಳೆಗಾಲದಲ್ಲಿ ನಾಲ್ಕಾರು ದಿನ. ಬಿಸಿಲಿನಿಂದ ಟೈರನ್ನು ಕಾಪಾಡುತ್ತದೆ ಎಂಬ ಜಾಹೀರಾತಿನ ಮಾತನ್ನು ಅರ್ಧಕ್ಕಿಳಿಸಿ ನಂಬಿ. ಟೈರಿನ ಒಳಗಿನ ಮಸಿಯೇ ಆ ಕೆಲಸದ ದೊಡ್ಡ ಪಾಲನ್ನು ಮಾಡುತ್ತಿದೆ.

ನೊರೆ ಡಬ್ಬಿ, ಕೋಟಿಂಗ್, ಮತ್ತು ಏನೂ ಹಚ್ಚದಿರುವುದು

ಟೈರಿಗೆ ಸಿಂಪಡಿಸಿದರೆ ಬಿಳಿ ನೊರೆಯಾಗಿ ಇಳಿದು, ಒರೆಸುವುದೂ ಬೇಡದೆ ಕಪ್ಪು ಬಿಟ್ಟುಹೋಗುವ ಡಬ್ಬಿಗಳಿವೆ. ಸೋಮಾರಿಗಳಿಗೆ ಮಾಡಿದ್ದು ಎಂದು ನಗುವವರಿದ್ದಾರೆ, ನಾನು ನಗುವುದಿಲ್ಲ. ಆದರೆ ತೊಳೆಯುವ ಕೆಲಸವನ್ನು ಆ ನೊರೆ ಮಾಡುವುದಿಲ್ಲ. ಮಣ್ಣನ್ನು ಸಡಿಲಿಸಿ ಪಕ್ಕೆಯ ಮೇಲೇ ಸಾಲುಸಾಲಾಗಿ ಇಳಿಸುತ್ತದೆ. ಕೆಂಪು ಧೂಳಿದ್ದರೆ ಗೆರೆಗಳು ಚೆನ್ನಾಗಿಯೇ ಕಾಣುತ್ತವೆ. ಒತ್ತಡ ತುಂಬಿದ ಡಬ್ಬಿಯನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ತಿರುಗುವುದಂತೂ ಬೇಡವೇ ಬೇಡ. ಇಂಥ ಡಬ್ಬಿಗಳ ಮೇಲೆ 50 ಡಿಗ್ರಿಗಿಂತ ಹೆಚ್ಚಿನ ಶಾಖಕ್ಕೆ ಒಡ್ಡಬೇಡಿ ಎಂಬ ಎಚ್ಚರಿಕೆ ಇರುತ್ತದೆ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ದಾಟಿರುವಾಗ ಬಿಸಿಲಲ್ಲಿ ನಿಂತ ಕಾರಿನ ಒಳಗೆ 50 ಏನು ಮಹಾ.

ಟೈರ್ ಕೋಟಿಂಗ್ ಎನ್ನುವುದು ಒಣಗಿ ಗಟ್ಟಿಯಾಗುವ ಪಾಲಿಮರ್ ಅಥವಾ ಸೆರಾಮಿಕ್ ಲೇಪ. ಚೆನ್ನಾಗಿ ಕೂತರೆ ತಿಂಗಳುಗಳ ಕಾಲ ಇರುತ್ತದೆ, ಸ್ವಲ್ಪವೂ ಅಂಟುವುದಿಲ್ಲ, ಧೂಳಿನ ಊರಿಗೆ ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಉತ್ತಮ. ‘ಚೆನ್ನಾಗಿ ಕೂತರೆ’ ಎಂಬಲ್ಲಿಯೇ ಇರುವುದು ತೊಡಕು. ಹಳೆಯ ಪಾಲಿಶ್‌ನ ಒಂದಿಷ್ಟು ಸಿಲಿಕೋನ್ ಉಳಿದಿದ್ದರೂ ಅಲ್ಲಿ ಕೋಟಿಂಗ್ ಹಿಡಿಯದೆ ತೇಪೆ ತೇಪೆಯಾಗಿ ಏಳುತ್ತದೆ. ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಬಾಗುವ ಜಾಗ ಬೇರೆ. ಹೊಸ ಟೈರು ಹಾಕಿಸಿದವರು, ಇದುವರೆಗೆ ಏನನ್ನೂ ಹಚ್ಚದವರು, ಒಂದು ಇಡೀ ಭಾನುವಾರವನ್ನು ಕೊಡಬಲ್ಲವರು ಪ್ರಯತ್ನಿಸಬಹುದು. ಉಳಿದವರಿಗೆ ದುಡ್ಡು ದಂಡ.

ಏನೂ ಹಚ್ಚದೆ ಚೆನ್ನಾಗಿ ತೊಳೆದು ಬಿಡುವುದನ್ನು ಯಾರೂ ಒಂದು ಆಯ್ಕೆಯೆಂದು ಎಣಿಸುವುದಿಲ್ಲ, ಅದರಲ್ಲಿ ಮಾರುವಂಥದ್ದು ಏನೂ ಇಲ್ಲವಲ್ಲ. ಎರಡು ಮೂರು ವರ್ಷದ ಒಳಗಿನ ಟೈರಾದರೆ ಬ್ರಷ್ ಹಾಕಿ ತೊಳೆದಷ್ಟಕ್ಕೇ ತೃಪ್ತಿಯಾಗುವಷ್ಟು ಕಪ್ಪು ಮರಳುತ್ತದೆ. ಬಿಳಿಚಿದ ಹಳೆಯ ಟೈರಿಗೆ ಇದು ಸಾಲದು.

ದಾರಿ ನೋಡಿ ಪಾಲಿಶ್

ಮೂರು ಜಿಲ್ಲೆಗಳ ಧೂಳೂ ಒಂದೇ ಅಲ್ಲ. ಬಳ್ಳಾರಿ, ತೋರಣಗಲ್ಲು, ಸಂಡೂರಿನ ನಡುವೆ ದಿನವೂ ಓಡಾಡುವವರಿಗೆ ನೀರಿನ ಆಧಾರದ ಡ್ರೆಸ್ಸಿಂಗ್, ಅದೂ ತೆಳುವಾಗಿ ಬೆರೆಸಿದ್ದು. ಬೇರೆ ಮಾತಿಲ್ಲ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಸುತ್ತ, ಹಾರುಬೂದಿಯ ಲಾರಿಗಳು ಓಡುವ ರಾಯಚೂರಿನ ದಾರಿಯಲ್ಲಿ ಧೂಳು ಬೂದು ಬಣ್ಣದ್ದು. ಟೈರು ಎಷ್ಟು ಕಪ್ಪಾಗಿದ್ದರೆ ಅದು ಅಷ್ಟು ಎದ್ದು ಕಾಣುತ್ತದೆ, ಹಾಗಾಗಿ ಅಲ್ಲಿ ಕಡುಕಪ್ಪಿಗಿಂತ ಮಂದ ಕಪ್ಪೇ ಹೆಚ್ಚು ಹೊತ್ತು ಚೊಕ್ಕಟವಾಗಿ ಕಾಣುತ್ತದೆ. ಕೊಪ್ಪಳದ ಗಿಣಿಗೇರಾ ಭಾಗದ ಕಾರ್ಖಾನೆಗಳ ಕರಿ ಧೂಳು ಟೈರಿನ ಮೇಲೆ ಬಿದ್ದರೆ ಗೊತ್ತೇ ಆಗುವುದಿಲ್ಲ, ಅಲ್ಲಿನವರು ಟೈರಿಗಿಂತ ಬಾಡಿಯ ಚಿಂತೆ ಮಾಡುವುದು ಲೇಸು.

ಸಿರುಗುಪ್ಪ, ಸಿಂಧನೂರು, ಗಂಗಾವತಿಯ ಕಡೆ ಗದ್ದೆಗೆ ಕಾರಿನಲ್ಲಿ ಹೋಗುವವರ ಕಥೆ ಇನ್ನೊಂದು. ಎರೆಮಣ್ಣು ಹಸಿಯಿದ್ದಾಗ ಮೆತ್ತಿಕೊಳ್ಳುತ್ತದೆ, ಒಣಗಿದಾಗ ಹಕ್ಕಳೆಗಟ್ಟುತ್ತದೆ. ಕಾಲುವೆಗೆ ನೀರು ಬಿಟ್ಟು ನಾಟಿ ನಡೆಯುವ ದಿನಗಳಲ್ಲಿ ಟೈರಿಗೆ ಯಾವ ಡ್ರೆಸ್ಸಿಂಗೂ ಬೇಡ. ಮಣ್ಣು ಹಸಿಯಿರುವಾಗಲೇ ನೀರು ಹಾಯಿಸಿ, ಮಡ್‌ಗಾರ್ಡ್ ಒಳಗಿನದನ್ನೂ ಇಳಿಸಿ, ಪಾಲಿಶ್ ಬಾಟಲಿಯನ್ನು ಸುಗ್ಗಿಯ ತನಕ ಮರೆತುಬಿಡಿ.

ಹಚ್ಚುವ ಕೆಲಸ

ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ, ನೆರಳಿನಲ್ಲಿ. ಬಿಸಿಲಿಗೆ ಕಾದ ಟೈರಿನ ಮೇಲೆ ಸಾಬೂನೂ ಡ್ರೆಸ್ಸಿಂಗೂ ಹರಡುವ ಮೊದಲೇ ಒಣಗಿ ಕಲೆ ಬೀಳುತ್ತದೆ. ದೂರದಿಂದ ಬಂದ ಕಾರಾದರೆ ಬ್ರೇಕ್ ಡಿಸ್ಕ್ ತಣ್ಣಗಾಗುವ ತನಕ ನೀರು ಹಾಕಬೇಡಿ.

ಒಂದೊಂದೇ ಚಕ್ರವನ್ನು ಹಿಡಿಯಿರಿ. ಮೊದಲು ಬರೀ ನೀರಿನಿಂದ ಸಡಿಲ ಮಣ್ಣನ್ನು ಇಳಿಸಿ. ಆಮೇಲೆ ಟೈರ್ ಕ್ಲೀನರ್, ಅದಿಲ್ಲದಿದ್ದರೆ ಆಲ್-ಪರ್ಪಸ್ ಕ್ಲೀನರ್ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಪಕ್ಕೆಯ ಮೇಲೆ ಸಿಂಪಡಿಸಿ, ಒಂದು ನಿಮಿಷ ಬಿಟ್ಟು ಬ್ರಷ್‌ನಿಂದ ಉಜ್ಜಿ. ಬ್ರಷ್ ಗಡುಸಾಗಿರಬೇಕು. ಬಟ್ಟೆ ಒಗೆಯುವ ಪ್ಲಾಸ್ಟಿಕ್ ಬ್ರಷ್ ನಡೆಯುತ್ತದೆ, ತಂತಿಯ ಬ್ರಷ್ ಬೇಡ. ಉಜ್ಜುವಾಗ ಬರುವ ನೊರೆಯ ಬಣ್ಣವನ್ನು ನೋಡುತ್ತಿರಿ. ನಮ್ಮ ಕಡೆಯ ಟೈರಿನಿಂದ ಮೊದಲ ಸಲ ಬರುವುದು ಕೆಂಪು ನೊರೆ, ಅದು ಅದಿರಿನ ಧೂಳು. ನೀರು ಹಾಕಿ ಮತ್ತೆ ಕ್ಲೀನರ್ ಸಿಂಪಡಿಸಿ ಉಜ್ಜಿದರೆ ಚಹಾದ ಬಣ್ಣದ ಕಂದು ನೊರೆ, ಅದು ಹಳೆಯ ಪಾಲಿಶ್ ಮತ್ತು ರಬ್ಬರಿನಿಂದ ಹೊರಬಂದ ಪೊರೆ. ಹೆಚ್ಚಿನವರು ಕೆಂಪು ಹೋದ ಕೂಡಲೇ ನಿಲ್ಲಿಸಿಬಿಡುತ್ತಾರೆ. ಕಂದು ಹೋಗಿ ನೊರೆ ಬೆಳ್ಳಗೆ ಬರುವ ತನಕ ಬಿಡಬಾರದು. ವರ್ಷಗಟ್ಟಲೆ ಜಿಡ್ಡು ತಿಂದ ಟೈರಾದರೆ ಇದಕ್ಕೆ ಮೂರು ನಾಲ್ಕು ಸುತ್ತು ಬೇಕಾಗಬಹುದು, ಮುಂದಿನ ಸಲ ಒಂದೇ ಸುತ್ತು ಸಾಕು. ಅಕ್ಷರಗಳ ಸಂದಿ, ರಿಮ್ಮಿಗೂ ರಬ್ಬರಿಗೂ ನಡುವಿನ ಗೆರೆ, ಇಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಓಡಾಡಿಸಿ.

ಚೆನ್ನಾಗಿ ಜಾಲಿಸಿ, ಒರೆಸಿ, ಪೂರ್ತಿ ಒಣಗಲು ಬಿಡಿ. ಒದ್ದೆ ಟೈರಿನ ಮೇಲೆ ನೀರಿನ ಆಧಾರದ ಡ್ರೆಸ್ಸಿಂಗ್ ಹಚ್ಚಿದರೆ ಅದು ಇನ್ನಷ್ಟು ತೆಳುವಾಗಿ ಇಳಿದು ಹೋಗುತ್ತದೆ. ಒರೆಸಲು ಬಳ್ಳಾರಿಯಲ್ಲಿ ಧಾರಾಳವಾಗಿ ಸಿಗುವ ಜೀನ್ಸ್ ತುಂಡುಬಟ್ಟೆ ಒಳ್ಳೆಯದೇ, ಆದರೆ ಅದೇ ಬಟ್ಟೆಯನ್ನು ಕಾರಿನ ಮೈಗೆ ಮುಟ್ಟಿಸಬೇಡಿ, ಗೀರು ಬೀಳುತ್ತದೆ.

ಇನ್ನು ಡ್ರೆಸ್ಸಿಂಗ್. ಟೈರಿಗೆ ನೇರವಾಗಿ ಸಿಂಪಡಿಸುವ ಅಭ್ಯಾಸ ಬಿಡಿ, ಅರ್ಧ ರಿಮ್ಮಿಗೆ, ಇನ್ನರ್ಧ ಬ್ರೇಕಿಗೆ ಹೋಗುತ್ತದೆ. ಸ್ಪಂಜಿನ ಮೇಲೆ ಒಂದು ಚಮಚೆಯಷ್ಟು ಹಾಕಿಕೊಂಡು ಪಕ್ಕೆಯ ಮೇಲೆ ಸುತ್ತಲೂ ಒತ್ತಿ ಹರಡಿ. ಸಾಮಾನ್ಯ ಕಾರಿನ ಒಂದು ಟೈರಿಗೆ ಒಂದು, ಹೆಚ್ಚೆಂದರೆ ಎರಡು ಚಮಚೆ. ಕಾರನ್ನು ಅರ್ಧ ಸುತ್ತು ಮುಂದೆ ಸರಿಸಿ, ನೆಲಕ್ಕೆ ತಾಗಿಕೊಂಡು ಬಿಟ್ಟುಹೋಗಿದ್ದ ಭಾಗಕ್ಕೂ ಹಚ್ಚಿ. ಹತ್ತು ಹದಿನೈದು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಇಡೀ ಪಕ್ಕೆಯನ್ನು ಒರೆಸಿ. ಹಚ್ಚಿದ್ದನ್ನು ಒರೆಸಿ ತೆಗೆಯುವುದೇಕೆ ಎಂದು ಮನೆಯವರು ಕೇಳಿದರೆ ಕೇಳಲಿ. ಸಹಜ ನೋಟ ಬರುವುದು ಈ ಒರೆಸುವಿಕೆಯಿಂದ. ರಬ್ಬರಿಗೆ ಎಷ್ಟು ಬೇಕೋ ಅಷ್ಟು ಹಿಡಿದಿರುತ್ತದೆ, ಉಳಿದದ್ದು ಧೂಳಿಗೆ ಕೊಡುವ ಆಹ್ವಾನ.

ಅರ್ಧ ಗಂಟೆಯ ನಂತರ ಬಿಳಿಯ ಟಿಶ್ಯೂ ಕಾಗದವನ್ನು ಪಕ್ಕೆಗೆ ಒತ್ತಿ ತೆಗೆಯಿರಿ. ಎಣ್ಣೆಯ ಗುರುತು ಬೀಳದಿದ್ದರೆ ಗಾಡಿ ಹೊರಡಬಹುದು. ಬಿದ್ದರೆ ಇನ್ನೊಮ್ಮೆ ಒರೆಸಿ.

ಹಚ್ಚಬಾರದ ಜಾಗಗಳು

ರಸ್ತೆಗೆ ತಾಗುವ ಮೇಲ್ಮೈಗೆ ಯಾವ ಪಾಲಿಶನ್ನೂ ಹಚ್ಚಬಾರದು ಎಂಬುದನ್ನು ಹೇಳಬೇಕಾಗಿ ಬರಬಾರದಿತ್ತು. ಆದರೂ ಷೋರೂಮಿನಿಂದ ಹೊಸ ಗಾಡಿ ತಂದ ದಿನ ಇಡೀ ಟೈರಿಗೆ ಬಳಿದು ಫೋಟೋ ತೆಗೆಯುವವರು ಇದ್ದಾರೆ. ಸಿಲಿಕೋನ್ ಜಾರುತ್ತದೆ, ಬ್ರೇಕ್ ಒತ್ತಿದಾಗ ಟೈರಿನ ಹಿಡಿತ ಬೇಕು. ಬೈಕ್, ಸ್ಕೂಟರುಗಳ ಟೈರಿಗಂತೂ ಪಕ್ಕೆಗೂ ಬೇಡ. ತಿರುವಿನಲ್ಲಿ ಗಾಡಿ ವಾಲಿದಾಗ ನೆಲ ಹಿಡಿಯುವುದು ಟೈರಿನ ಅಂಚು, ಪಕ್ಕೆಗೂ ಅಂಚಿಗೂ ನಡುವೆ ಅಲ್ಲಿ ಎರಡು ಬೆರಳಿನ ಅಂತರವೂ ಇರುವುದಿಲ್ಲ. ಬೈಕಿನ ಟೈರನ್ನು ಸಾಬೂನು ನೀರಿನಲ್ಲಿ ತೊಳೆದರೆ ಮುಗಿಯಿತು. ಕಾರಿನಲ್ಲಾಗಲಿ ಬೈಕಿನಲ್ಲಾಗಲಿ ಡಿಸ್ಕಿನ ಮೇಲೆ ಪಾಲಿಶ್ ಬಿದ್ದರೆ ಅದು ಪ್ಯಾಡಿಗೆ ಹತ್ತಿ ಬ್ರೇಕ್ ಹಿಡಿಯುವುದು ಕಡಿಮೆಯಾಗುತ್ತದೆ. ಬ್ರೇಕ್ ಕ್ಲೀನರ್ ಹಾಕಿ ಒರೆಸದೆ ಗಾಡಿ ತೆಗೆಯಬೇಡಿ.

ಪಕ್ಕೆಯಲ್ಲಿ ಆಳವಾದ ಬಿರುಕು ಬಿಟ್ಟ ಟೈರಿಗೂ ಹಚ್ಚಬೇಡಿ. ಕಪ್ಪು ಪದರ ಬಿರುಕನ್ನು ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ. ಹಳೆಯ ಕಾರು ಕೊಳ್ಳಲು ಹೋದಾಗ ಟೈರು ವಿಪರೀತ ಹೊಳೆಯುತ್ತಿದ್ದರೆ ಉಗುರಿನಿಂದ ಪಕ್ಕೆಯನ್ನು ಸ್ವಲ್ಪ ಕೆರೆದು ನೋಡಿ, ಜೊತೆಗೆ ಪಕ್ಕೆಯ ಮೇಲೆ DOT (ಡಾಟ್) ಎಂಬ ಅಕ್ಷರಗಳಿಂದ ಶುರುವಾಗುವ ಗುರುತಿನ ಕೊನೆಯ ನಾಲ್ಕು ಅಂಕಿಗಳನ್ನು ಹುಡುಕಿ ಓದಿ. ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ವರ್ಷ: 2317 ಎಂದಿದ್ದರೆ 2017ರ 23ನೆಯ ವಾರದ ಟೈರು. ಪಾಲಿಶ್ ಏನೇ ಹೇಳಲಿ, ಆ ಅಂಕಿಗಳು ವಯಸ್ಸನ್ನು ಮುಚ್ಚಿಡುವುದಿಲ್ಲ.

ಮತ್ತೆ ಹಚ್ಚುವುದು ಯಾವಾಗ ಎಂಬುದಕ್ಕೆ ಕ್ಯಾಲೆಂಡರ್ ನೋಡಬೇಕಾಗಿಲ್ಲ. ತೊಳೆಯುವಾಗ ಪಕ್ಕೆಯ ಮೇಲೆ ನೀರು ಮಣಿಮಣಿಯಾಗಿ ಉರುಳಿದರೆ ಹಿಂದಿನ ಪದರ ಇನ್ನೂ ಇದೆ, ಧೂಳು ಇಳಿಸಿ ಒರೆಸಿದರೆ ಸಾಕು. ನೀರು ಹಾಳೆಯಾಗಿ ಹರಡಿ ನಿಂತರೆ ಪದರ ಹೋಗಿದೆ, ಬ್ರಷ್ ಹಿಡಿಯಿರಿ. ಪದರದ ಮೇಲೆ ಪದರ ಹಚ್ಚುತ್ತ ಹೋದರೆ ನೀರಿನ ಆಧಾರದ ಡ್ರೆಸ್ಸಿಂಗ್ ಕೂಡ ಕೊನೆಗೆ ಅಂಟುತ್ತದೆ. ಮತ್ತು ಆ ಸ್ಪಂಜನ್ನು ತೊಳೆದು ಬೇರೆ ಡಬ್ಬಿಯಲ್ಲಿ ಮುಚ್ಚಿಡಿ. ತೆರೆದಿಟ್ಟರೆ ಅದರಲ್ಲಿ ಕೂತ ಅದಿರಿನ ಧೂಳು ಮುಂದಿನ ಸಲ ನಿಮ್ಮ ಕೈಯಿಂದಲೇ ಟೈರಿಗೆ ಹೋಗುತ್ತದೆ.